'ಮನ್ಯಾಗ ಇರ್ರಿ, ಅರ್ಧ ಪಗಾರ ಬರ್ತೈತಿ' ಅಂದ ಮಾತಿಗೆ ಮನೆಯಲ್ಲಿ ಕೂರಬೇಡಿ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕಡೆಯ ಕಾರ್ಖಾನೆಗಳಲ್ಲಿ ದುಡಿಯುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಕೆಲಸ ಇಲ್ಲ, ಸ್ವಲ್ಪ ದಿನ ಮನೆಯಲ್ಲಿರಿ ಅಂತ ಕಂಪನಿಯವರು ಹೇಳಿದರು. ನಾನು ಮನೆಯಲ್ಲೇ ಇದ್ದೆ. ಅಷ್ಟಕ್ಕೇ ನನ್ನ 10,000 ರೂಪಾಯಿ ಹೋಯಿತು. ಇನ್ನೊಬ್ಬರು ಅವರ ಮಾತು ಕೇಳದೆ ದಿನಾ ಗೇಟಿಗೆ ಹೋದರು. ಅವರಿಗೆ ದುಡ್ಡು ಬಂತು.

ನಾನು ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಮಷಿನ್ ಆಪರೇಟರ್. ಒಟ್ಟು 70 ಜನ ಕಾಯಂ ಕೆಲಸಗಾರರು. 2024ರ ಬೇಸಿಗೆಯಿಂದಲೇ ಆರ್ಡರ್ ಇಳಿದಿತ್ತು. ಏಪ್ರಿಲ್ ಪಗಾರ ಮೇ 24ಕ್ಕೆ ಬಂತು. ಮುಂದಿನ ತಿಂಗಳು 7ನೇ ತಾರೀಖಿನೊಳಗೆ ಬರಬೇಕಾದ ದುಡ್ಡು ಹದಿನೇಳು ದಿನ ತಡವಾಗಿದೆ ಅಂದರೆ ಒಳಗೆ ಏನೋ ಸರಿ ಇಲ್ಲ ಅಂತ ನಾವು ಆಗಲೇ ತಿಳಿದುಕೊಳ್ಳಬೇಕಿತ್ತು. ತಿಳಿದುಕೊಳ್ಳಲಿಲ್ಲ. ಬಂತಲ್ಲ, ಸಾಕು ಅಂದುಕೊಂಡೆವು.

ಜೂನ್ 12ರ ಬುಧವಾರ ಮಧ್ಯಾಹ್ನ ಎಲ್ಲರನ್ನೂ ಶೆಡ್‌ನಲ್ಲಿ ಸೇರಿಸಿದರು. ಅಷ್ಟೊತ್ತಿಗೆ ಮೇ ತಿಂಗಳ ಪಗಾರವೂ ಬಂದಿರಲಿಲ್ಲ. ಆಫೀಸಿನ ಸಾಹೇಬರು ಒಳ್ಳೆಯ ಮಾತಿನಲ್ಲೇ ಹೇಳಿದರು: "ಒಂದೂವರೆ ತಿಂಗಳ ಮನ್ಯಾಗ ಇರ್ರಿ. ಅರ್ಧ ಪಗಾರ ಅಕೌಂಟಿಗೆ ಬರ್ತೈತಿ. ಕೆಲಸ ಬಂದ ಕೂಡ್ಲೇ ನಾವ ಫೋನ್ ಮಾಡ್ತೀವಿ. ಸುಮ್ನ ಗೇಟಿಗೆ ಬಂದು ನಿಲ್ಲಬ್ಯಾಡ್ರಿ." ಆಮೇಲೆ ಒಬ್ಬೊಬ್ಬರಿಗೂ ಒಂದು ಕಾಗದ ಕೊಟ್ಟು ಸಹಿ ಮಾಡಿ ಅಂದರು. ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಕಾಗದ. ಹಿಂದೆ ಸಾಲು ಇತ್ತು. ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡಿದೆ. 'ಸ್ವಂತ ಕಾರಣಕ್ಕೆ ಸಂಬಳವಿಲ್ಲದ ರಜೆ ಬೇಕು' ಅಂತ ನಾನೇ ಕೇಳಿಕೊಂಡ ಅರ್ಜಿ ಅದು ಅಂತ ನನಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ.

ಸಹಿ ಮಾಡದವರು ಮೂರೇ ಜನ. ಅವರಲ್ಲಿ ಒಬ್ಬರು ಲೇತ್ ಮೇಲೆ ಕೆಲಸ ಮಾಡುವ ಹಿರಿಯರು. ನಾವೆಲ್ಲ ಕಾಕಾ ಅಂತೀವಿ. "ಓದಾಕ ಬರದ ಕಾಗದಕ್ಕ ಸಹಿ ಮಾಡೂದಿಲ್ರಿ, ಮನಿಗೆ ಒಯ್ದು ಮಗನ ಕಡೆ ಓದಿಸಿ ತರ್ತೀನಿ" ಅಂದರು. ಕಾಗದ ಮನೆಗೆ ಕೊಡಲಿಲ್ಲ. ಅವರು ಸಹಿ ಮಾಡಲಿಲ್ಲ.

ಕಾಕಾ ಮರುದಿನ ಬೆಳಗ್ಗೆ ಎಂಟೂವರೆಗೆ ಹಳೇ ಹುಬ್ಬಳ್ಳಿಯಿಂದ ಸೈಕಲ್ ಹೊಡೆದುಕೊಂಡು ಗೇಟಿಗೆ ಹೋದರು. ಸೆಕ್ಯುರಿಟಿ ಒಳಗೆ ಬಿಡಲಿಲ್ಲ. ಮೊಬೈಲಿನಲ್ಲಿ ಗೇಟಿನ ಫೋಟೊ ತೆಗೆದು, ಎರಡು ತಾಸು ನಿಂತು, ನೋಟ್‌ಬುಕ್ಕಿನಲ್ಲಿ ತಾರೀಖು, ಟೈಮು ಬರೆದು ಮನೆಗೆ ಬಂದರು. ದಿನಾ ಹೀಗೇ. ಒಂದು ವಾರ ಆದ ಮೇಲೆ ಕಂಪನಿಗೆ ರಿಜಿಸ್ಟರ್ ಪೋಸ್ಟ್ ಹಾಕಿದರು: 'ನಾನು ಪ್ರತಿದಿನ ಕೆಲಸಕ್ಕೆ ಬರುತ್ತಿದ್ದೇನೆ, ನನಗೆ ಹಾಜರಿ ಕೊಡುತ್ತಿಲ್ಲ.' ಅಕ್ನಾಲೆಜ್‌ಮೆಂಟ್ ಕಾರ್ಡ್ ತೆಗೆದಿಟ್ಟರು. ಪತ್ರ ತಲುಪಿದ ಮೇಲೆ ಗೇಟಿನಲ್ಲಿ ಒಂದು ಹಾಜರಿ ಪುಸ್ತಕ ಬಂತು, ಮೂರೂ ಜನ ಸಹಿ ಮಾಡತೊಡಗಿದರು. ಅವರ ಅಪ್ಪ ಮಿಲ್ಲಿನಲ್ಲಿ ಇದ್ದವರು, ಮನೆಯಲ್ಲಿ ಹೇಳುತ್ತಿದ್ದರಂತೆ: "ಗೇಟಿಗೆ ಹೋಗೂದ ಬಿಟ್ಟಾಂವಗ ಪಗಾರ ಇಲ್ಲ." ನನಗೂ ಫೋನ್ ಮಾಡಿ ಬಾ ಅಂದರು. "ಬರಬ್ಯಾಡ್ರಿ ಅಂದಾರಲ್ಲ ಕಾಕಾ, ಸಿಟ್ಟಾಗ್ತಾರ" ಅಂತ ನಾನು ಹೋಗಲಿಲ್ಲ. ಉಣಕಲ್‌ನಿಂದ ಬಸ್ಸಿಗೆ ದುಡ್ಡು ಯಾಕೆ ಖರ್ಚು ಅನ್ನುವ ಲೆಕ್ಕವೂ ಇತ್ತು.

ಕಾನೂನು ಹೇಳುವುದು ಕಾಕಾ ಮಾಡಿದ್ದನ್ನೇ. ಕೆಲಸ ಇಲ್ಲ ಅಂತ ಕಾಯಂ ಕೆಲಸಗಾರರನ್ನು ಸ್ವಲ್ಪ ದಿನ ಕೂರಿಸುವುದಕ್ಕೆ, ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಲೇ ಆಫ್ ಅನ್ನುತ್ತಿದ್ದರು. 50 ಅಥವಾ ಜಾಸ್ತಿ ಜನ ಇರುವ ಕಾರ್ಖಾನೆಯಲ್ಲಿ, ಒಂದು ವರ್ಷ ಸರ್ವಿಸ್ ಆದ ಕೆಲಸಗಾರನಿಗೆ ಲೇ ಆಫ್ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು. ವಾರದ ರಜೆ ಲೆಕ್ಕಕ್ಕಿಲ್ಲ. ಟೈಮಿಗೆ ಸರಿಯಾಗಿ ಹೋದವನಿಗೆ ಎರಡು ತಾಸಿನೊಳಗೆ ಕೆಲಸ ಕೊಡದಿದ್ದರೆ ಆ ದಿನ ಲೇ ಆಫ್ ಅಂತಲೇ ಲೆಕ್ಕ. ಹಾಜರಿ ಪುಸ್ತಕ ಇಡುವುದು ಮಾಲೀಕರ ಕೆಲಸ. ಆದರೆ ಆ ಕಾಯ್ದೆಯ 25ಇ ಅನ್ನುವ ಕಲಮಿನಲ್ಲಿ ಒಂದು ಮಾತಿತ್ತು: ದಿನಕ್ಕೆ ಒಂದು ಸಲವಾದರೂ ಕೆಲಸದ ಜಾಗಕ್ಕೆ ಬಂದು ಹಾಜರಾಗದವನಿಗೆ ಈ ದುಡ್ಡು ಸಿಗುವುದಿಲ್ಲ. ಬರಬೇಡಿ ಅಂತ ಬಾಯಿಮಾತಿನಲ್ಲಿ ಹೇಳಿದರು, ಕಾಗದದಲ್ಲಿ ರಜೆ ಅಂತ ಬರೆಸಿಕೊಂಡರು. ಎರಡೂ ಕಡೆಯಿಂದ ನನ್ನ ಕೈ ಕಟ್ಟಿತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲೂ ಅರ್ಧ ಪಗಾರದ ನಿಯಮ, ದಿನಾ ಹಾಜರಾಗಬೇಕು ಅನ್ನುವ ಷರತ್ತು, ತಿಂಗಳ ಪಗಾರಕ್ಕೆ 7ನೇ ತಾರೀಖಿನ ಗಡುವು ಇವೆ.

ಆ ಒಂದೂವರೆ ತಿಂಗಳು ಮನೆ ಹೇಗೆ ನಡೆಯಿತು ಅಂತ ಹೇಳಬೇಕು, ಯಾಕೆಂದರೆ ಅಲ್ಲೂ ನಾನು ತಪ್ಪು ಮಾಡಿದೆ. ಕಿರಾಣಿ ಅಂಗಡಿಯ ಅಜ್ಜ ಉದ್ರಿ ಕೊಟ್ಟರು. ಅವರ ಉಪಕಾರ ಮರೆಯುವುದಿಲ್ಲ. ನನ್ನ ಹೆಂಡತಿ ಹತ್ತಿರದ ಖಾನಾವಳಿಗೆ ದಿನಕ್ಕೆ 60 ಜೋಳದ ರೊಟ್ಟಿ ಬಡಿದು ಕೊಡಲು ಶುರು ಮಾಡಿದಳು. ಒಂದಕ್ಕೆ 5 ರೂಪಾಯಿ. ಅದರಲ್ಲೇ ಜೋಳ, ಗಿರಣಿ, ಗ್ಯಾಸ್ ಎಲ್ಲ ಕಳೆಯಬೇಕು. ಸಂಜೆ ಅವಳ ಕೈ ನೋಡಲು ಆಗುತ್ತಿರಲಿಲ್ಲ. ಮಗಳ ಶಾಲೆ ಫೀಸು ಬಂದಾಗ ನಾನು ಗಾಬರಿಯಾಗಿ ಪರಿಚಯದವರೊಬ್ಬರ ಹತ್ತಿರ 20,000 ಕೈಗಡ ತಂದೆ. ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿ. ಮೊದಲ ತಿಂಗಳ ಬಡ್ಡಿ ಹಿಡಿದುಕೊಂಡೇ ಕೊಟ್ಟರು, ಕೈಗೆ ಬಂದಿದ್ದು 19,000. ಅರ್ಧ ಪಗಾರ ಬಂದ ಕೂಡಲೇ ತೀರಿಸುತ್ತೇನೆ ಅಂದುಕೊಂಡಿದ್ದೆ. ಅದು ಬರಲಿಲ್ಲ. ತೀರಿಸಲು ಆರು ತಿಂಗಳು ಹಿಡಿಯಿತು, ಬಡ್ಡಿಯೇ 6,000. ವರ್ಷಕ್ಕೆ ಹಾಕಿದರೆ ನೂರಕ್ಕೆ 60 ರೂಪಾಯಿ. ಮನೆಯಲ್ಲಿ ಸ್ವಲ್ಪ ಬಂಗಾರ ಇತ್ತು. ಬ್ಯಾಂಕಿನಲ್ಲಿ ಇಟ್ಟಿದ್ದರೆ ಇದರ ಕಾಲುಭಾಗವೂ ಆಗುತ್ತಿರಲಿಲ್ಲ. ನಾಲ್ಕು ಜನ ನೋಡುತ್ತಾರೆ ಅಂತ ಬ್ಯಾಂಕಿಗೆ ಹೋಗಲು ನಾಚಿದೆ. ನೀವು ನಾಚಬೇಡಿ.

ಇನ್ನೊಂದು ಪೆಟ್ಟು ಪಿಎಫ್‌ನದು. ಎರಡು ತಿಂಗಳು ಪಗಾರ ಬರದಿದ್ದರೆ ಪಿಎಫ್‌ನಿಂದ ಅಡ್ವಾನ್ಸ್ ತೆಗೆಯಲು ಆಗಿನ ನಿಯಮದಲ್ಲಿ ಅವಕಾಶ ಇತ್ತು. ಅದು ಗೊತ್ತಾಗಿ ಜುಲೈ ಕೊನೆಗೆ ಪಾಸ್‌ಬುಕ್ ತೆಗೆಸಿ ನೋಡಿದರೆ ಫೆಬ್ರವರಿ, ಮಾರ್ಚ್, ಏಪ್ರಿಲ್ ಮೂರೂ ತಿಂಗಳು ಖಾಲಿ. ಪಗಾರ ಚೀಟಿಯಲ್ಲಿ ತಿಂಗಳಿಗೆ 1,560 ಕಡಿತ ಅಂತ ತೋರಿಸಿದ್ದರು, ಜಮಾ ಮಾಡಿರಲಿಲ್ಲ. ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು ಅನ್ನುವುದು ನಿಯಮ. ಅಂದರೆ ಮಾರ್ಚ್ 16ಕ್ಕೆ ನಾನು ಮೊಬೈಲಿನಲ್ಲಿ ಒಂದು ಸಲ ನೋಡಿದ್ದರೆ ಕಂಪನಿಯ ಸ್ಥಿತಿ ಗೊತ್ತಾಗುತ್ತಿತ್ತು. ಜೂನ್‌ವರೆಗೆ ಕಾಯಬೇಕಿರಲಿಲ್ಲ. ದಯವಿಟ್ಟು ಪ್ರತಿ ತಿಂಗಳು ನೋಡಿಕೊಳ್ಳಿ, ಪಗಾರ ಸರಿಯಾಗಿ ಬರುತ್ತಿದ್ದರೂ ನೋಡಿಕೊಳ್ಳಿ.

ಜುಲೈ 30ಕ್ಕೆ ಕೆಲಸಕ್ಕೆ ಕರೆದರು. ಅರ್ಧ ಪಗಾರದ ಮಾತೇ ಇಲ್ಲ. ಕೇಳಿದರೆ "ನೀವೆಲ್ಲ ರಜಾದಾಗ ಇದ್ರಿ" ಅಂದರು. ನಾವು ಹನ್ನೆರಡು ಜನ ಕಾರ್ಮಿಕ ಇಲಾಖೆ ಕಚೇರಿಗೆ ಹೋದೆವು. ಅಲ್ಲಿದ್ದ ಮೇಡಮ್ ಸಮಾಧಾನದಿಂದ ಕೇಳಿದರು, ಕಂಪನಿಯಿಂದ ಕಾಗದ ತರಿಸಿದರು. ನನ್ನ ಸಹಿ ಇದ್ದ ಅರ್ಜಿಯನ್ನು ಮುಂದಿಟ್ಟು, "ನೀವ ರಜಾ ಕೇಳೀರಿ ಅಂತ ಐತಲ್ರೀ ಇದರಾಗ. ಗೇಟಿಗೆ ಹೋಗಿದ್ದಕ್ಕ ಏನರ ಐತೇನು?" ಅಂದರು. ಏನೂ ಇರಲಿಲ್ಲ. ಲೇಬರ್ ಕೋರ್ಟ್ ಹುಬ್ಬಳ್ಳಿಯಲ್ಲೇ ಇದೆ, ಹೋಗಬಹುದು, ಆದರೆ ಸಾಕ್ಷಿ ಬೇಕು ಅಂದರು.

ಮೇ ತಿಂಗಳ ಪಗಾರದ ಮಾತು ಬೇರೆ. ಅದು ದುಡಿದ ದುಡ್ಡು, ಹಾಜರಿಯ ಪಂಚಿಂಗ್ ದಾಖಲೆ ಇತ್ತು. ಇಲಾಖೆಯ ನೋಟಿಸ್ ಹೋದ ಮೇಲೆ ಆಗಸ್ಟ್‌ನಲ್ಲಿ ಎರಡು ಕಂತಿನಲ್ಲಿ ಬಂತು. ಲೇ ಆಫ್ ದುಡ್ಡಿಗೆ ನನ್ನ ಲೆಕ್ಕ ಹೀಗಿತ್ತು: ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000. ತಿಂಗಳಿಗೆ 26 ದಿನದ ಲೆಕ್ಕದಲ್ಲಿ ದಿನಕ್ಕೆ 500, ಅದರ ಅರ್ಧ 250. ಭಾನುವಾರ ಬಿಟ್ಟು 40 ದಿನಕ್ಕೆ 10,000. ಸಿಕ್ಕಿದ್ದು ಸೊನ್ನೆ. ಕಾಕಾ ತಂಗಿಯ ಮಗಳ ಮದುವೆಗೆ ಎರಡು ದಿನ ತಪ್ಪಿಸಿದ್ದರು. ಉಳಿದ 38 ದಿನಕ್ಕೆ, ದಿನಕ್ಕೆ 300ರಂತೆ 11,400 ಅವರ ಖಾತೆಗೆ ಬಂತು. ಪೋಸ್ಟಿನ ಕಾರ್ಡು, ಫೋಟೊ, ನೋಟ್‌ಬುಕ್ಕು ಮೂರನ್ನೂ ಟೇಬಲ್ ಮೇಲೆ ಇಟ್ಟರಂತೆ. ಕಂಪನಿಯವರು ಹೆಚ್ಚು ಮಾತಾಡಲಿಲ್ಲವಂತೆ.

ನಮಗಿಂತ ಕೆಟ್ಟದಾಗಿದ್ದು ಗುತ್ತಿಗೆಯ ಹುಡುಗರಿಗೆ. ಹಾವೇರಿ, ಬ್ಯಾಡಗಿ ಕಡೆಯಿಂದ ಬಂದು ರೂಮು ಮಾಡಿಕೊಂಡಿದ್ದವರು. ಗುತ್ತಿಗೆದಾರನ ಫೋನು ಸ್ವಿಚ್ ಆಫ್. ಗುತ್ತಿಗೆದಾರ ಪಗಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು ಅಂತ ಕಾನೂನಿದೆ. ಅದನ್ನು ಅವರಿಗೆ ಯಾರೂ ಹೇಳಲಿಲ್ಲ. ನಾನು ತಿಳಿದುಕೊಳ್ಳುವಷ್ಟರಲ್ಲಿ ಅವರು ಊರಿಗೆ ಹೋಗಿಬಿಟ್ಟಿದ್ದರು. ಅವರಲ್ಲಿ ಇಬ್ಬರ ನಂಬರು ನನ್ನ ಹತ್ತಿರ ಇಲ್ಲ, ಉಳಿದವರಿಗೆ ಫೋನ್ ಮಾಡಿ ಹೇಳಿದ್ದೇನೆ.

ಪಿಎಫ್‌ನ ಮೂರು ತಿಂಗಳಲ್ಲಿ ಎರಡು ಜಮಾ ಆಗಿವೆ. ಏಪ್ರಿಲ್‌ದು ಇನ್ನೂ ಇಲ್ಲ. ನವನಗರದ ಪಿಎಫ್ ಆಫೀಸಿನಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೇನೆ. ಪಗಾರ ಚೀಟಿಗಳ ಜೆರಾಕ್ಸ್ ಹಿಡಿದುಕೊಂಡು ಸೋಮವಾರ ಮತ್ತೆ ಹೋಗುತ್ತೇನೆ. ಕಾಕಾನೂ ಜೊತೆಗೆ ಬರುತ್ತೇನೆ ಅಂದಿದ್ದಾರೆ.