ಹುಬ್ಬಿನ ಗಂಟು ಬಿಡಿಸಿಕೊಂಡ ಲೆಕ್ಕ

ಐವತ್ತೆಂಟರ ಮುಖಕ್ಕೆ ಚಾಕು ಮುಟ್ಟಿಸದೆ ಏನೇನು ಮಾಡಿಸಿಕೊಳ್ಳಬಹುದು, ಯಾವುದಕ್ಕೆ ದುಡ್ಡು ಕೊಡಬಹುದು ಅಂತ ಪರಿಚಯದವರು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ನಾನು ಹೋಗಿದ್ದು ಎರಡು ಕಡೆ: ಬೆಂಗಳೂರಿನ ಥಳಥಳ ಹೊಳೆಯುವ ಒಂದು ಸ್ಕಿನ್ ಕ್ಲಿನಿಕ್ಕು, ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಒಬ್ಬ ಚರ್ಮವೈದ್ಯೆ. ಎರಡರ ಹೆಸರನ್ನೂ ಹಾಕುವುದಿಲ್ಲ. ಮೊದಲನೆಯದರಂಥವು ಊರ ತುಂಬ ಇವೆ. ಎರಡನೆಯವರ ಬಾಗಿಲಲ್ಲಿ ಈಗಾಗಲೇ ಕೂರಲು ಜಾಗವಿಲ್ಲ.

ಸುಕ್ಕಿನ ಬಗ್ಗೆ ನನಗೆ ಅಷ್ಟೇನೂ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಎರಡು ಹುಬ್ಬಿನ ನಡುವಿನ ಗಂಟು. ಬ್ಯಾಂಕಿನ ಸಾಲದ ವಿಭಾಗದಲ್ಲಿ ವರ್ಷಗಟ್ಟಲೆ ಕನ್ನಡಕದ ಮೇಲಿನಿಂದ ಕಾಗದ ನೋಡಿ ನೋಡಿ ಅದು ಅಲ್ಲೇ ಬೀಡುಬಿಟ್ಟಿತ್ತು. ಅಣ್ಣನ ಮಗನ ರಿಸೆಪ್ಷನ್ ಫೋಟೋಗಳಲ್ಲಿ ನಾನು ಹರಸಲು ಹೋದವಳ ಹಾಗಿಲ್ಲ, ಸಾಲ ವಸೂಲಿಗೆ ವೇದಿಕೆ ಹತ್ತಿದವಳ ಹಾಗಿದ್ದೇನೆ. ಜೊತೆಗೆ ಕೆನ್ನೆಯ ಮೇಲೆ ಬಂಗು, ಮುಟ್ಟು ನಿಂತ ಮೇಲೆ ಒಣಗಿಹೋದ ಚರ್ಮ, ದವಡೆಯ ಅಂಚಿನಲ್ಲಿ ಸ್ವಲ್ಪ ಜೋಲು.

ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಮೊದಲು ಗ್ರೀನ್ ಟೀ ಕೊಟ್ಟರು. ಆಮೇಲೆ ಮುಖವನ್ನು ಒಂದು ಡಬ್ಬಿಯೊಳಗೆ ಇಡಿಸಿ, ನೇರಳೆ ಬೆಳಕು ಬಿಟ್ಟು, ಪರದೆಯ ಮೇಲೆ ನನ್ನ ಚರ್ಮದ ವಯಸ್ಸು 66 ಅಂತ ತೋರಿಸಿದರು. ಆ ಬೆಳಕಿನಲ್ಲಿ ಯಾರ ಮುಖವಾದರೂ ಹಾಗೇ ಕಾಣುತ್ತದೆ, ನನ್ನ ಜೊತೆ ಬಂದಿದ್ದ ಮಗಳದೂ ಕಂಡಿತು. ಬಿಳಿ ಕೋಟು ಹಾಕಿಕೊಂಡು ಎದುರು ಕೂತಿದ್ದ ಹುಡುಗಿ ಡಾಕ್ಟರಲ್ಲ, ಕೌನ್ಸೆಲರ್. ಬೋಟಾಕ್ಸ್ ಇಂಜೆಕ್ಷನ್ನು, ಎರಡು ಸಿರಿಂಜ್ ಫಿಲ್ಲರ್ ಜೆಲ್, ಆರು ಪೀಲ್ (ಔಷಧ ಹಚ್ಚಿ ಮೇಲ್ಪದರ ಸುಲಿಸುವುದು), ಹೈಫು (ಅಲ್ಟ್ರಾಸೌಂಡ್ ಶಾಖ ಕೊಡುವುದು), ಮೇಲೆ ಹೊಳಪಿಗೆ, ಅಂದರೆ ಬೆಳ್ಳಗಾಗಲು, ಗ್ಲುಟಾಥಯೋನ್ ಡ್ರಿಪ್ಪು, ಎಲ್ಲ ಸೇರಿ ಒಂದು ಲಕ್ಷದ ಎಂಬತ್ತು ಸಾವಿರ. "ಇವತ್ತು ಬುಕ್ ಮಾಡಿದ್ರೆ ನಲವತ್ತು ಪರ್ಸೆಂಟ್ ಕಡಿಮೆ ಮೇಡಂ, ಇಎಂಐ ಕೂಡ ಇದೆ."

ಇವತ್ತೇ ಸಹಿ ಹಾಕಿ ಅನ್ನುವ ಕಾಗದಕ್ಕೆ ಸಹಿ ಹಾಕಬೇಡಿ ಅಂತ ಗಿರಾಕಿಗಳಿಗೆ ಬುದ್ಧಿ ಹೇಳಿಕೊಂಡು ಬಂದವಳು ನಾನು. ಯಾವ ಕಂಪನಿಯ ಔಷಧ, ಎಷ್ಟು ಯೂನಿಟ್ ಅಂತ ಕೇಳಿದೆ. "ಇಂಪೋರ್ಟೆಡ್ ಮೇಡಂ" ಅಂದಳು. ಚುಚ್ಚುವವರು ಯಾರು? "ನಮ್ಮ ಟೀಮ್." ನನಗೆ ಬಿಪಿ ಇದೆಯೇ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತೇನೆಯೇ ಅಂತ ಒಬ್ಬರೂ ಕೇಳಲಿಲ್ಲ, ಪ್ಯಾನ್ ಕಾರ್ಡ್ ಮಾತ್ರ ಕೇಳಿದರು. ಗ್ರೀನ್ ಟೀ ಚೆನ್ನಾಗಿತ್ತು.

ಆ ಡ್ರಿಪ್ಪಿನ ಬಗ್ಗೆ ಒಂದು ಮಾತು. ಚರ್ಮ ಬೆಳ್ಳಗಾಗಲೆಂದು ಚುಚ್ಚುವ ಯಾವ ಇಂಜೆಕ್ಷನ್ನಿಗೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ. ಅಂಥದ್ದನ್ನು ಪ್ಯಾಕೇಜಿನಲ್ಲಿ ಕೊಸರಿನ ಹಾಗೆ ಸೇರಿಸುವ ಜಾಗದಲ್ಲಿ ಉಳಿದದ್ದನ್ನೂ ನಂಬಲು ನನಗೆ ಮನಸ್ಸು ಬರಲಿಲ್ಲ. ಮನೆಯಲ್ಲೂ ಹೆದರಿಕೆ ಇತ್ತು. 2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ನಟಿಯೊಬ್ಬಳು, ಇನ್ನೂ ಚಿಕ್ಕ ಹುಡುಗಿ, ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡದ್ದನ್ನು ನಮ್ಮವರು ಮರೆತಿಲ್ಲ. ಅದು ಶಸ್ತ್ರಚಿಕಿತ್ಸೆ, ಇದು ಬೇರೆ ಅಂದರೂ "ಸೂಜಿ ಸೂಜಿನೇ" ಅಂದರು. ಒಂದು ಲೆಕ್ಕಕ್ಕೆ ಸರಿಯೇ.

ಮೈಸೂರಿನ ಡಾಕ್ಟರ ಹತ್ತಿರ ಯಾವ ಡಬ್ಬಿಯೂ ಇಲ್ಲ. ಕಾಯುವ ಜಾಗದಲ್ಲಿ ನನ್ನ ಒಂದು ಪಕ್ಕಕ್ಕೆ ಗಜಕರ್ಣ ಹತ್ತಿದ ಕಾಲೇಜು ಹುಡುಗ, ಇನ್ನೊಂದು ಪಕ್ಕಕ್ಕೆ ಸೋರಿಯಾಸಿಸ್‌ನ ಅಜ್ಜ. ಗೋಡೆಯ ಮೇಲೆ ಖಾಸಗಿ ಕ್ಲಿನಿಕ್ಕುಗಳಿಗೆ ಸರ್ಕಾರ ಕೊಡುವ ಕೆಪಿಎಂಇ ನೋಂದಣಿ ಪತ್ರ, ದರಪಟ್ಟಿ. ಚೀಟಿಯಲ್ಲಿ ಎಂಡಿ ಅಂತಲೂ ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿನ ನಂಬರೂ ಅಚ್ಚಾಗಿತ್ತು. ಇಷ್ಟನ್ನು ನೋಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ, ಕೂತಲ್ಲಿಂದಲೇ ಓದಬಹುದು.

ಅವರು ನನ್ನನ್ನು ಕಿಟಕಿ ಹತ್ತಿರ ಕೂರಿಸಿ, ಕೈಗೊಂದು ಕನ್ನಡಿ ಕೊಟ್ಟು, ಹುಬ್ಬು ಗಂಟಿಕ್ಕಿ ಅಂದರು, ನಗಿ ಅಂದರು, ಸುಮ್ಮನಿರಿ ಅಂದರು. ಸುಮ್ಮನಿದ್ದಾಗ ಮಾಯವಾಗುವ ಗೆರೆಯ ಮೇಲೆ ಬೆರಳಿಟ್ಟು, "ಇದು ಸ್ನಾಯು ಮಾಡೋ ಗೆರೆ, ಬೋಟಾಕ್ಸ್‌ಗೆ ಬಗ್ಗುತ್ತೆ." ಕೆನ್ನೆಯನ್ನು ಎರಡು ಬೆರಳಲ್ಲಿ ಮೇಲಕ್ಕೆ ಒತ್ತಿ, "ಇಲ್ಲಿ ಕೊಬ್ಬು ಕರಗಿದೆ, ಕೆಳಗಿನ ಮೂಳೆಯೂ ಸವೆದಿದೆ. ಇದಕ್ಕೆ ಕ್ರೀಮ್ ಹಚ್ಚಿ ಪ್ರಯೋಜನ ಇಲ್ಲ, ತುಂಬಿಸಬೇಕು." ಬಂಗು, ಒರಟು, ಸಣ್ಣ ನೆರಿಗೆ ತೋರಿಸಿ, "ಇದೆಲ್ಲ ಮೇಲ್ಪದರದ್ದು, ಬಿಸಿಲಿನ ಕೆಲಸ." ದವಡೆ ಹಿಡಿದು, "ಇದನ್ನ ನಿಜವಾಗಿ ಎತ್ತೋದು ಸರ್ಜರಿ ಒಂದೇ. ಮಿಕ್ಕಿದ್ದೆಲ್ಲ ಸ್ವಲ್ಪ ಸ್ವಲ್ಪ." ಒಂದು ಲಕ್ಷದ ಎಂಬತ್ತು ಸಾವಿರದ ಪಟ್ಟಿ ಯಾಕೆ ಅರ್ಥವಾಗಿರಲಿಲ್ಲ ಅಂತ ನನಗೆ ಆಗ ಗೊತ್ತಾಯಿತು. ಯಾವ ಔಷಧ ಯಾವ ದೂರಿಗೆ ಅನ್ನುವುದೇ ಅದರಲ್ಲಿ ಇರಲಿಲ್ಲ.

ಬೋಟಾಕ್ಸ್ ಮಾಡಿಸಿಕೊಂಡೆ, ಹುಬ್ಬಿನ ನಡುವೆ ಮಾತ್ರ. ಇದು ಮೊದಲು ಬಂದದ್ದು ಮೆಳ್ಳೆಗಣ್ಣಿಗೆ, ಬಿಡದೆ ಮುಚ್ಚಿಕೊಳ್ಳುವ ರೆಪ್ಪೆಗೆ. ಕೆನಡಾದ ವ್ಯಾಂಕೂವರಿನಲ್ಲಿ ರೆಪ್ಪೆಗೆ ಚುಚ್ಚುತ್ತಿದ್ದ ಕಣ್ಣಿನ ಡಾಕ್ಟರ್ ಜೀನ್ ಕ್ಯಾರುಥರ್ಸ್, ರೋಗಿಗಳ ಹುಬ್ಬಿನ ಗಂಟೂ ಸಡಿಲವಾಗುವುದನ್ನು ಗಮನಿಸಿ, ಚರ್ಮವೈದ್ಯರಾದ ಗಂಡನ ಜೊತೆ ಸೇರಿ 1992ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಹುಬ್ಬಿನ ಗೆರೆಗೆಂದೇ ಎಫ್‌ಡಿಎ ಒಪ್ಪಿದ್ದು 2002ರಲ್ಲಿ. ನರ ಸ್ನಾಯುವಿಗೆ ಸುದ್ದಿ ಮುಟ್ಟಿಸುವ ಜಾಗವನ್ನು ಅದು ಕೆಲವು ತಿಂಗಳು ಮುಚ್ಚಿಡುತ್ತದೆ, ಅಷ್ಟೆ. ಹಳ್ಳ ತುಂಬಿಸುವುದು ಅದರ ಕೆಲಸವಲ್ಲ.

ಬಾಟಲಿಯನ್ನು ನನ್ನೆದುರೇ ಫ್ರಿಜ್ಜಿನಿಂದ ತೆಗೆದು, ಲೇಬಲ್ಲು, ಎಕ್ಸ್‌ಪೈರಿ ತೋರಿಸಿದರು. ತಳದಲ್ಲಿ ಏನೋ ಇದೆಯೋ ಇಲ್ಲವೋ ಅನ್ನುವಷ್ಟು ತೆಳು ಬಿಳಿ ಲೇಪ. ಸಲೈನ್ ತುಂಬಿದ ಸಿರಿಂಜಿನ ಸೂಜಿ ಮುಚ್ಚಳ ಚುಚ್ಚಿದ್ದೇ ತಡ, ಪಿಸ್ಟನ್ ಒತ್ತದೆಯೇ ನೀರು ಒಳಕ್ಕೆ ಎಳೆದುಕೊಂಡು ಹೋಯಿತು. ಒಳಗೆ ಗಾಳಿ ತೆಗೆದಿರುತ್ತಾರಂತೆ; ಹಾಗೆ ಎಳೆಯದ ಬಾಟಲಿಯನ್ನು ಬಳಸುವಂತಿಲ್ಲ, ಬಿಸಾಡಬೇಕು. ಆಮೇಲೆ ಬಿಳಿ ಪೆನ್ಸಿಲ್ಲಿನಲ್ಲಿ ಐದು ಚುಕ್ಕೆ: ಮೂಗಿನ ಬುಡಕ್ಕೆ ಒಂದು, ಹುಬ್ಬಿಗೆ ಎರಡೆರಡು. ಚುಕ್ಕೆಗೆ 4 ಯೂನಿಟ್, ಒಟ್ಟು 20. ಬೊಟ್ಟು ಇಡುವ ಜಾಗದಲ್ಲೇ ಒಂದು ಚುಕ್ಕೆ ಬಿದ್ದದ್ದರಿಂದ ಅವತ್ತು ಸ್ಟಿಕ್ಕರ್ ತೆಗೆದು ಪರ್ಸಿನಲ್ಲಿಟ್ಟುಕೊಂಡೆ. ನಾಲ್ಕು ಗಂಟೆ ಮಲಗಬೇಡಿ, ಉಜ್ಜಬೇಡಿ, ಪಾರ್ಲರಿನಲ್ಲಿ ಮಸಾಜ್ ಬೇಡ ಅಂದರು. ರೆಪ್ಪೆ ಕೆಲವು ವಾರ ಜೋತುಬೀಳುವ ಸಾಧ್ಯತೆಯನ್ನೂ ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ನನಗೆ ಹಾಗೇನೂ ಆಗಲಿಲ್ಲ, ಸ್ವಲ್ಪ ತಲೆ ಭಾರ ಬಿಟ್ಟರೆ.

ಯೂನಿಟ್ಟಿಗೆ 350 ರೂಪಾಯಿಯಂತೆ 7,000, ಅದರ ಮೇಲೆ 18% ಜಿಎಸ್‌ಟಿ 1,260. ರೋಗಕ್ಕೆ ಇಲ್ಲದ ತೆರಿಗೆ ಸೌಂದರ್ಯಕ್ಕೆ ಇದೆ. ಬಿಲ್ಲಿನಲ್ಲಿ ಬ್ರ್ಯಾಂಡು, ಯೂನಿಟ್ಟು, ಬ್ಯಾಚ್ ನಂಬರ್ ಎಲ್ಲ ಇತ್ತು. ದರ ಹೋಲಿಸುವವರು ಗಮನಿಸಿ: ಬೋಟಾಕ್ಸಿನ ಯೂನಿಟ್ಟೂ ಅದೇ ಬಗೆಯ ಇನ್ನೊಂದು ಬ್ರ್ಯಾಂಡಾದ ಡಿಸ್ಪೋರ್ಟಿನ ಯೂನಿಟ್ಟೂ ಒಂದೇ ಅಲ್ಲ. ಎರಡನೆಯದಕ್ಕೆ ಯೂನಿಟ್ ಜಾಸ್ತಿ ಬೇಕು. "ನಮ್ಮಲ್ಲಿ ಯೂನಿಟ್ ಬರೀ ನೂರೈವತ್ತು" ಅಂದರೆ ಯಾವುದರ ಯೂನಿಟ್ ಅಂತ ಕೇಳಿ. ತೀರಾ ಅಗ್ಗಕ್ಕೆ ಸಿಕ್ಕಿದರೆ ಇನ್ನೂ ಅನುಮಾನಪಡಬೇಕು. 2024ರಲ್ಲಿ ಅಮೆರಿಕದಲ್ಲೇ ನಕಲಿ ಬೋಟಾಕ್ಸ್ ಹಲವು ರಾಜ್ಯಗಳಲ್ಲಿ ಸಿಕ್ಕಿಬಿದ್ದು ಜನ ಆಸ್ಪತ್ರೆ ಸೇರಿದ್ದರು.

ಫಲ ಕಂಡದ್ದು ವಾರದೊಳಗೆ, ಪೂರ್ತಿ ಆಗಲು ಎರಡು ವಾರ ಬೇಕಾಯಿತು. ಗಂಟು ಹೋಯಿತು. ಆಳವಾಗಿ ಕೂತಿದ್ದ ಒಂದು ಗೆರೆ ತೆಳುವಾಯಿತೇ ಹೊರತು ಅಳಿಯಲಿಲ್ಲ. ಅದನ್ನೂ ಅವರು ಮೊದಲೇ ಹೇಳಿದ್ದರು. ನಮ್ಮವರಿಗೆ ಏನೂ ಗೊತ್ತಾಗಲಿಲ್ಲ. ತಂಗಿ ಮಾತ್ರ "ಈಗ ನಿದ್ದೆ ಚೆನ್ನಾಗಿ ಬರ್ತಿದ್ಯೇನೆ?" ಅಂದಳು. ಮೂರು ಮೂರೂವರೆ ತಿಂಗಳಿಗೆ ಹುಬ್ಬು ಮತ್ತೆ ಹಳೇ ಚಾಳಿಗೆ ಬಂತು. ಎಲ್ಲರಿಗೂ ಹಾಗೆಯೇ, ಮೂರು ನಾಲ್ಕು ತಿಂಗಳ ಆಟ. ವರ್ಷದ ಖರ್ಚನ್ನು ಆ ಲೆಕ್ಕದಲ್ಲಿ ಹಾಕಿಕೊಳ್ಳಿ.

ಫಿಲ್ಲರ್ ಬೇಡ ಅಂದೆ. ಹಯಲುರಾನಿಕ್ ಆಸಿಡ್ಡಿನ ಜೆಲ್ ಅದು. ಕೈ ಪಳಗಿದವರು ಹಾಕಿದರೆ ಚೆನ್ನಾಗಿ ಕಾಣುತ್ತದೆ, ನನ್ನ ಗೆಳತಿಯೊಬ್ಬಳ ಮೂಗಿನ ಪಕ್ಕದ ಮಡಿಕೆಗೆ ಹಾಕಿದ್ದನ್ನು ನೋಡಿದ್ದೇನೆ. ಆದರೆ ಸಿರಿಂಜಿನಲ್ಲಿ ಇರುವುದು 1 ಎಂಎಲ್, ಟೀ ಚಮಚದ ಐದನೇ ಒಂದು ಪಾಲು; ನನ್ನ ಕೆನ್ನೆಗೆ ಒಂದೆರಡು ಸಾಲದು. ತಪ್ಪಿ ರಕ್ತನಾಳದೊಳಕ್ಕೆ ಹೋದರೆ ಚರ್ಮ ಸಾಯಬಹುದು, ತೀರಾ ಅಪರೂಪಕ್ಕೆ ಕಣ್ಣೇ ಹೋಗಬಹುದು. ಹಾಕಿಸಿಕೊಳ್ಳುವವರು ಒಂದು ಪ್ರಶ್ನೆ ಕೇಳಲೇಬೇಕು: ಕರಗಿಸುವ ಹಯಲುರಾನಿಡೇಸ್ ಇಂಜೆಕ್ಷನ್ ಈ ಕ್ಲಿನಿಕ್ಕಿನಲ್ಲಿ ಈಗ ಇದೆಯೇ? "ತರಿಸ್ತೀವಿ" ಅಂದರೆ ಎದ್ದು ಬನ್ನಿ. ಹೃದಯಕ್ಕೆಂದು ಆಸ್ಪಿರಿನ್ ನುಂಗುವವರು ಇಂಥದ್ದಕ್ಕೆ ತಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ಡಾಕ್ಟರನ್ನು ಕೇಳಬೇಕು. ಹೈಫು, ಚರ್ಮ ಎತ್ತಲು ಒಳಗೆ ಹಾಕುವ ದಾರ, ಸ್ವಂತ ರಕ್ತದ ಫೇಶಿಯಲ್ಲು ಇವಕ್ಕೆಲ್ಲ ಡಾಕ್ಟರು ಮುಖ ಅರಳಿಸಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಗಾಢ ಪೀಲಿಗೂ ಬೇಡ ಅಂದರು. ನಮ್ಮಂಥ ಕಂದು ಚರ್ಮ ಸುಟ್ಟರೆ ಕಪ್ಪು ಕಲೆ ಉಳಿಸಿಕೊಳ್ಳುತ್ತದೆ, ಬಂಗು ಇದ್ದವರಿಗಂತೂ ಇನ್ನೂ ಜಾಸ್ತಿ.

ದುಡ್ಡಿಗೆ ತಕ್ಕ ಫಲ ಯಾವುದು ಅಂತ ಕೇಳಿದರೆ ನನ್ನ ಉತ್ತರ ಸೂಜಿಯಲ್ಲ, ಒಂದು ಸಣ್ಣ ಟ್ಯೂಬು. ಟ್ರೆಟಿನಾಯಿನ್ 0.025%. ಮೊಡವೆಗೆ ಬಂದ ಔಷಧ. ಸಣ್ಣ ಸುಕ್ಕಿಗೂ ಆಗುತ್ತದೆ ಅಂತ 1995ರಲ್ಲಿ ಎಫ್‌ಡಿಎ ಒಪ್ಪಿತು. ರಾತ್ರಿ, ಬಟಾಣಿ ಕಾಳಿನಷ್ಟು, ಮೊದಮೊದಲು ವಾರಕ್ಕೆ ಎರಡೇ ಸಲ, ಮೇಲೆ ಮಾಯಿಶ್ಚರೈಸರ್. ಶುರುವಿನಲ್ಲಿ ಮೂಗಿನ ಮೂಲೆ, ಬಾಯಂಚಿನಲ್ಲಿ ಹೊಟ್ಟು ಎದ್ದಿತು. ವರಮಹಾಲಕ್ಷ್ಮಿಯ ದಿನ ಪಕ್ಕದ ಮನೆಯವರು ಕೆನ್ನೆಗೆ ಅರಿಸಿನ ಹಚ್ಚಿದಾಗ ಉರಿ ಹತ್ತಿ ಕಣ್ಣಲ್ಲಿ ನೀರು ಬಂತು, ಭಕ್ತಿಯಿಂದ ಅಂದುಕೊಂಡಿರಬೇಕು. ಫಲ ಗೊತ್ತಾಗಲು ತಿಂಗಳುಗಳೇ ಹಿಡಿಯುತ್ತವೆ. ಈಗ ಕೈಯಲ್ಲಿ ಮುಟ್ಟಿದರೇ ವ್ಯತ್ಯಾಸ ತಿಳಿಯುತ್ತದೆ. ಬಸುರಿ ಹೆಂಗಸರು ಇದನ್ನು ಹಚ್ಚಬಾರದು.

ಈ ಹೆಸರು ಹೇಳಿ ಮೆಡಿಕಲ್ ಸ್ಟೋರಿಗೆ ಓಡುವ ಮುಂಚೆ ಒಂದು ನಿಮಿಷ. ಟ್ರೆಟಿನಾಯಿನ್ ಜೊತೆ ಬಣ್ಣ ತಿಳಿಗೊಳಿಸುವ ಹೈಡ್ರೋಕ್ವಿನೋನ್, ಮೊಮೆಟಾಸೋನ್ ಬೆರೆಸಿದ ಟ್ಯೂಬುಗಳೂ ಇವೆ, ಅವನ್ನೇ ಜನ ಬೆಳ್ಳಗಾಗುವ ಕ್ರೀಮು ಅಂತ ವರ್ಷಗಟ್ಟಲೆ ಹಚ್ಚುತ್ತಾರೆ. ಮೊಮೆಟಾಸೋನ್ ಸ್ಟೆರಾಯ್ಡ್. ನಮ್ಮ ಮನೆಗೆಲಸಕ್ಕೆ ಬರುವವಳ ಮಗಳ ಮುಖ ಮೊದಲ ತಿಂಗಳು ಬೆಳಗಿತು, ಆಮೇಲೆ ಕೆಂಪಗೆ, ತೆಳ್ಳಗೆ, ಕೆನ್ನೆಯ ಮೇಲೆ ನವಿರು ಕೂದಲು. ಬಿಟ್ಟರೆ ಉರಿ, ಹಚ್ಚಿದರೆ ಹಾಳು. ಚರ್ಮವೈದ್ಯರ ಸಂಘ ಗಲಾಟೆ ಮಾಡಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಅಂಗಡಿಯವರು ಕೊಡುತ್ತಲೇ ಇದ್ದಾರೆ. ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಿ.

ಇನ್ನು ಸನ್‌ಸ್ಕ್ರೀನ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಒಂಬೈನೂರಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಹಚ್ಚಿದವರ ಚರ್ಮ ಆ ಅವಧಿಯಲ್ಲಿ ಗುರುತಿಸುವಷ್ಟು ಮುದಿಯಾಗಿರಲಿಲ್ಲ. ಬಂಗು ಇರುವವರಿಗೆ ಐರನ್ ಆಕ್ಸೈಡ್ ಬೆರೆತ, ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು, ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದಷ್ಟು ಮುಖ ಕತ್ತಿಗೆ ಬೇಕು. ನಾನು ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುವ ಹೊತ್ತನ್ನೂ ಬೆಳಗ್ಗೆ ಏಳರೊಳಗೆ ಮುಗಿಯುವಂತೆ ಬದಲಿಸಿಕೊಂಡಿದ್ದೇನೆ. ಅದು ಪುಕ್ಕಟೆ.

ಡಾಕ್ಟರಿಗೆ ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಡಿಮೆ ಮಾಡಿದ್ದು ಅಪಾಯಿಂಟ್‌ಮೆಂಟ್ ಇದ್ದರೂ ಎರಡೆರಡು ಗಂಟೆ ಕಾಯಿಸುತ್ತಾರೆ ಅಂತ, ಮೇಲೆ ರಿಸೆಪ್ಷನ್ನಿನ ಹೆಂಗಸು "ಬೋಟಾಕ್ಸ್‌ಗೆ ಬಂದಿರೋರು ಯಾರು?" ಅಂತ ಇಡೀ ಹಾಲಿಗೆ ಕೇಳುವ ಹಾಗೆ ಕೂಗುತ್ತಾರೆ ಅಂತ. ಬೆಂಗಳೂರಿನ ಕ್ಲಿನಿಕ್ಕಿನಿಂದ ಈಗಲೂ ಫೋನ್ ಬರುತ್ತಿದೆ. ರಿಯಾಯಿತಿ ಐವತ್ತೈದು ಪರ್ಸೆಂಟಿಗೆ ಏರಿದೆ.