ಹದಿನೆಂಟರ ಆಸೆಗೆ ಬಿದ್ದು ಹದಿನೇಳಕ್ಕೆ ಮರಳಿದ ಕಥೆ: ಮೂರು ಬಗೆಯ ಅಲಾಯ್ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಕಾರಿನಲ್ಲಿ ಈಗಿರುವುದು 17 ಇಂಚಿನ ಫ್ಲೋ ಫಾರ್ಮ್ಡ್ (ಎರಕ ಹೊಯ್ದು, ಅಂಚನ್ನು ರೋಲರ್‌ನಿಂದ ಒತ್ತಿ ಎಳೆದ) ಅಲಾಯ್ ಚಕ್ರ, ಇನ್ನು ಅದನ್ನು ಬದಲಿಸುವ ಯೋಚನೆ ಇಲ್ಲ. ಅದಕ್ಕೆ ಮುಂಚೆ ಐದು ತಿಂಗಳು 18 ಇಂಚಿನ ಎರಕದ ಅಲಾಯ್ ಹಾಕಿಕೊಂಡು ಒದ್ದಾಡಿದ್ದೇನೆ. ನಡುವೆ ಒಂದು ವಾರ ಗೆಳೆಯನ ಫೋರ್ಜ್ಡ್ (ಅದುಮಿ ಮಾಡಿದ) ಚಕ್ರಗಳನ್ನು ಎರವಲು ತಂದು ಓಡಿಸಿದ್ದೇನೆ. ಆದ್ದರಿಂದ ಇದು ತಕ್ಕಡಿ ಹಿಡಿದು ಬರೆದ ಹೋಲಿಕೆ ಅಲ್ಲ, ಒಂದು ಕಡೆಗೆ ವಾಲಿಯೇ ಇದೆ.

ಕಾರು ಸ್ವಿಫ್ಟ್ ಸ್ಪೋರ್ಟ್, 1.4 ಲೀಟರ್ ಟರ್ಬೊ. ಕಾರ್ಖಾನೆಯಿಂದ ಬರುವಾಗಲೇ 17 ಇಂಚಿನ ರಿಮ್, 195/45 ಟೈರ್ (195 ಮಿ.ಮೀ. ಅಗಲ, ಗೋಡೆಯ ಎತ್ತರ ಅದರ ಶೇ. 45). ಐದು ನಟ್, ಅವು ಕೂರುವ ವೃತ್ತದ ವ್ಯಾಸ (ಪಿಸಿಡಿ) 114.3 ಮಿ.ಮೀ., ಚಕ್ರದ ನಡುವಿನ ರಂಧ್ರದೊಳಗೆ ಕೂರುವ ಹಬ್‌ನ ವ್ಯಾಸ 60.1 ಮಿ.ಮೀ. ಈ ಕೊನೆಯ ಸಂಖ್ಯೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನಾನು ಎಡವಿದ್ದು ಅಲ್ಲೇ.

ಹದಿನೆಂಟನ್ನು ಯಾಕೆ ತಗೊಂಡೆ ಎಂದರೆ, ಹತ್ತು ಹೆಜ್ಜೆ ದೂರ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತಿತ್ತು. ಬೇರೆ ಕಾರಣ ಇಲ್ಲ. ಚಕ್ರದ ಕಮಾನಿನೊಳಗಿನ ಖಾಲಿ ಜಾಗ ತುಂಬಿಕೊಂಡು ಕಾರು ಎದೆ ಉಬ್ಬಿಸಿ ನಿಂತ ಹಾಗಿತ್ತು. ಲೆಕ್ಕವನ್ನೂ ಹಾಕಿಯೇ ತಗೊಂಡಿದ್ದೆ ಅನ್ನುವುದು ಇನ್ನೂ ನಾಚಿಕೆಯ ವಿಷಯ. 195/45 ಆರ್ 17 ಟೈರಿನ ಒಟ್ಟು ವ್ಯಾಸ ಸುಮಾರು 607 ಮಿ.ಮೀ., 215/35 ಆರ್ 18 ಟೈರಿನದ್ದೂ ಸುಮಾರು 607. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಗೇರಿಂಗ್ ಬದಲಾಗುವುದಿಲ್ಲ, ಮತ್ತೇನು ಬೇಕು ಅಂದುಕೊಂಡೆ. ದುಡ್ಡಿನ ಮಟ್ಟಿಗೂ ಮೂರರಲ್ಲಿ ಅದೇ ಅಗ್ಗ.

ಹಾಕಿಸಿಕೊಂಡು ಹೆದ್ದಾರಿಗೆ ಬಂದೆ. 80ರವರೆಗೆ ಏನೂ ಇಲ್ಲ. 90 ದಾಟುತ್ತಿದ್ದ ಹಾಗೆ ಸ್ಟೀರಿಂಗ್ ಸಣ್ಣಗೆ ನಡುಗಲು ಶುರು. 100ಕ್ಕೆ ಅಂಗೈ ಜುಂ ಅನ್ನುವಷ್ಟು. 115 ದಾಟಿದರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಶಾಂತ. ನಾನು ದಿನವೂ ಓಡಿಸುವುದು ಸರಿಯಾಗಿ ಆ ನಡುವಿನ ವೇಗದಲ್ಲೇ!

ಹೊಸ ಟೈರು, ಬ್ಯಾಲೆನ್ಸ್ ಸರಿ ಮಾಡಿಲ್ಲ ಅಂದುಕೊಂಡು ಅಂಗಡಿಗೆ ವಾಪಸ್ ಹೋದೆ. ಯಂತ್ರಕ್ಕೆ ಏರಿಸಿದರು, ಎರಡೂ ಬದಿಗೆ ಸೊನ್ನೆ ತೋರಿಸಿತು. ಅದೇ ನಡುಕ. ಎರಡನೆಯ ಸಲ ಬೇರೆ ಕಡೆ ಮಾಡಿಸಿದೆ. ಅಲ್ಲೂ ಸೊನ್ನೆ, ಅದೇ ನಡುಕ. ಮೂರನೆಯ ಸಲ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿದೆ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿನ ಕೆಳಗೆ ಬಂತು. ಅಲ್ಲಿಗೆ ಒಂದು ಸಂಗತಿ ಖಚಿತವಾಯಿತು. ತೊಂದರೆ ಸಸ್ಪೆನ್ಶನ್‌ನದ್ದಲ್ಲ, ಚಕ್ರದ ಜೊತೆಗೇ ತಿರುಗಾಡುತ್ತಿದೆ. ಅಂಗಡಿಯವರಿಗೆ ಮಾತ್ರ ಇದು ಟೈರಿನ ದೋಷ. ಟೈರ್ ಮಾರಿದವರಿಗೆ ರಿಮ್ಮಿನ ದೋಷ. ಇಬ್ಬರ ನಡುವೆ ಪೆಟ್ರೋಲ್ ಸುಟ್ಟವನು ನಾನು.

ಕೊನೆಗೆ ಒಂದು ಭಾನುವಾರ ಮನೆಯ ಮುಂದೆ ನಾನೇ ಜಾಕ್ ಹಾಕಿ ನಾಲ್ಕೂ ಚಕ್ರ ಬಿಚ್ಚಿದೆ. ಈ ಬಗೆಯ ಅಲಾಯ್‌ಗಳನ್ನು ಹತ್ತಾರು ಕಾರುಗಳಿಗೆ ಹೊಂದಲಿ ಎಂದು ನಡುವಿನ ರಂಧ್ರವನ್ನು ದೊಡ್ಡದಾಗಿಯೇ ಬಿಟ್ಟಿರುತ್ತಾರೆ. ನನ್ನದರಲ್ಲಿ 73.1 ಮಿ.ಮೀ. ಕಾರಿನ ಹಬ್ 60.1. ನಡುವಿನ ಅಂತರ ತುಂಬಲು ಪ್ಲಾಸ್ಟಿಕ್ಕಿನ ಒಂದು ಉಂಗುರ, ಹಬ್ ರಿಂಗ್. ಚಕ್ರದ ಬೆನ್ನಿಗೆ ಒತ್ತಿ ಕೂರಿಸಿದ ಆ ಕಪ್ಪು ಉಂಗುರದ ಒಳಮೈಯಲ್ಲಿ ಎಳ್ಳಿನಷ್ಟು ಸಣ್ಣ ಅಕ್ಷರ. ಮೊಬೈಲಿನ ಟಾರ್ಚ್ ಓರೆಯಾಗಿ ಹಿಡಿದರಷ್ಟೇ ಕಾಣುತ್ತದೆ. ಮೊದಲನೆಯದು 73.1–60.1. ಎರಡನೆಯದು, ಮೂರನೆಯದು ಅದೇ. ನಾಲ್ಕನೆಯದರಲ್ಲಿ ಬ್ರೇಕಿನ ಧೂಳು ಒರೆಸಿ ನೋಡಿದರೆ 73.1–64.1. ಹೋಂಡಾ ಕಾರುಗಳ ಅಳತೆ! ಹಬ್‌ಗೆ ಹಾಕಿ ಅಲ್ಲಾಡಿಸಿದರೆ ಅಜ್ಜಿಯ ಬಳೆ ಮೊಮ್ಮಗುವಿಗೆ ತೊಡಿಸಿದ ಹಾಗೆ ಲೊಡಲೊಡ. ಸುತ್ತಲೂ 2 ಮಿ.ಮೀ. ಸಂದು.

ಹಾಗಾದರೆ ಎರಡೂ ಸಲ ಯಂತ್ರ ಸೊನ್ನೆ ತೋರಿಸಿದ್ದು ಹೇಗೆ? ಅದರ ತಪ್ಪಿಲ್ಲ. ಬ್ಯಾಲೆನ್ಸಿಂಗ್ ಯಂತ್ರದ ಶಂಕು ಹಿಡಿಯುವುದು ಚಕ್ರದ್ದೇ 73.1ರ ರಂಧ್ರವನ್ನು. ಅಲ್ಲಿ ಚಕ್ರ ಸರಿಯಾಗಿ ನಡುವಿಗೇ ಕೂರುತ್ತದೆ, ಸೊನ್ನೆಯೇ ಬರಬೇಕು. ಕಾರಿಗೆ ಬಂದಾಗ ಅದೇ ಚಕ್ರವನ್ನು ನಡುವಿಗೆ ತರುವ ಕೆಲಸ ಐದು ನಟ್‌ಗಳ ಮೇಲೆ ಬೀಳುತ್ತದೆ. ಶಂಕುವಿನಾಕಾರದ ನಟ್‌ಗಳಿಗೆ ಆ ಶಕ್ತಿ ಇಲ್ಲದಿಲ್ಲ. ಆದರೆ ಕಾರನ್ನು ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ, ನಟ್ ಬಿಗಿಯುವ ಗನ್ ಹಿಡಿದು ಒಂದಾದ ಮೇಲೊಂದು ಬಿಗಿದರೆ ಚಕ್ರ ಕೂದಲೆಳೆಯಷ್ಟು ಕೆಳಗೆ ಜಾರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. 100 ಕಿ.ಮೀ. ವೇಗದಲ್ಲಿ ಈ ಅಳತೆಯ ಚಕ್ರ ಸೆಕೆಂಡಿಗೆ 14-15 ಸುತ್ತು ತಿರುಗುತ್ತದೆ. ಕೂದಲೆಳೆ ಸಾಕು.

ಸರಿಯಾದ ಉಂಗುರ ತರಿಸಿದೆ, ಈ ಸಲ ಅಲ್ಯೂಮಿನಿಯಂನದ್ದು. ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಚಕ್ರ ಗಾಳಿಯಲ್ಲಿರುವಾಗಲೇ ನಟ್‌ಗಳನ್ನು ಕೈಯಲ್ಲಿ ನಕ್ಷತ್ರದ ಕ್ರಮದಲ್ಲಿ ಕೂರಿಸಿ, ಆಮೇಲೆ ಇಳಿಸಿ, ಎಷ್ಟು ಬಿಗಿಯಾಯಿತೆಂದು ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಕೈಪಿಡಿ ಹೇಳಿದಷ್ಟು ಬಿಗಿದೆ. ನಡುಕ ಮಾಯ. ಅಷ್ಟು ದಿನದ ತಲೆನೋವಿಗೆ ಮದ್ದು ಒಂದು ಉಂಗುರ. ಪ್ಲಾಸ್ಟಿಕ್ ಉಂಗುರವೂ ಕೆಟ್ಟದ್ದಲ್ಲ, ಭಾರ ಹೊರುವುದು ಅದಲ್ಲ, ನಟ್ ಬಿಗಿಯುವವರೆಗೆ ಚಕ್ರವನ್ನು ನಡುವಿನಲ್ಲಿ ಹಿಡಿದಿಟ್ಟರೆ ಅದರ ಕೆಲಸ ಮುಗಿಯಿತು. ಬ್ರೇಕನ್ನು ಕಾಯಿಸಿ ಓಡಿಸುವವರು ಮಾತ್ರ ಲೋಹದ್ದೇ ಹಾಕಲಿ, ಅದು ಹಬ್‌ಗೆ ಕಚ್ಚಿಕೊಳ್ಳದಂತೆ ತೆಳುವಾಗಿ ಗ್ರೀಸ್ ಸವರಲಿ.

ನಡುಕ ಹೋಯಿತಲ್ಲ, ಮತ್ತೆ ಹದಿನೆಂಟನ್ನು ಯಾಕೆ ಬಿಟ್ಟೆ? ನಡುಕದ ಗದ್ದಲದಲ್ಲಿ ಕೇಳಿಸದೆ ಇದ್ದ ಉಳಿದ ದೂರುಗಳು ಆಮೇಲೆ ಕೇಳಿಸತೊಡಗಿದವು. 35 ಪ್ರೊಫೈಲಿನ ಟೈರಿನ ಗೋಡೆ ಬರೀ 75 ಮಿ.ಮೀ. ಗುಂಡಿ ಕಂಡರೆ ಎದೆ ಧಸಕ್ ಅನ್ನುತ್ತದೆ. ಇನ್ನು ಆಫ್‌ಸೆಟ್, ಅಂದರೆ ಹಬ್‌ಗೆ ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದು. ಇಟಿ ಎಂದು ಬರೆಯುತ್ತಾರೆ, ಅದು ಇಳಿದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ಕಾರ್ಖಾನೆಯ ರಿಮ್ 6.5 ಇಂಚು ಅಗಲ, ಇಟಿ 50. ನಾನು ತಂದದ್ದು 8 ಇಂಚು, ಇಟಿ 40. ಅಗಲ ಒಂದೂವರೆ ಇಂಚು ಹೆಚ್ಚಿದ್ದಕ್ಕೆ ಪ್ರತಿ ಬದಿಗೆ 19 ಮಿ.ಮೀ., ಆಫ್‌ಸೆಟ್ ಇಳಿದದ್ದಕ್ಕೆ ಇನ್ನೂ 10. ಒಟ್ಟು 29 ಮಿ.ಮೀ. ಹೊರಕ್ಕೆ. ಹಿಂದಿನ ಸೀಟಿನಲ್ಲಿ ಇಬ್ಬರು ಕೂತು ಉಬ್ಬು ದಾಟಿದರೆ ಚಕ್ರದ ಕಮಾನಿನ ಒಳಹೊದಿಕೆಗೆ (ಲೈನರ್) ಟೈರ್ ಉಜ್ಜಿ ಸರ್ರನೆ ಸದ್ದು. ಕೂತವರು ಒಬ್ಬರನ್ನೊಬ್ಬರು ನೋಡುವುದು, ನಾನು ಕನ್ನಡಿ ನೋಡುವುದು.

ತೂಕದ್ದೇ ದೊಡ್ಡ ಪೆಟ್ಟು. ಮನೆಯ ತೂಕದ ಯಂತ್ರದ ಮೇಲೆ ಟೈರ್ ಸಮೇತ ಇಟ್ಟು ನೋಡಿದೆ. ಹದಿನೆಂಟು ಕಾರ್ಖಾನೆಯದ್ದಕ್ಕಿಂತ ಹತ್ತಿರ ಹತ್ತಿರ 3 ಕೆ.ಜಿ. ಹೆಚ್ಚು, ಒಂದೊಂದೂ. ಒಂದು ಟನ್ನಿಗಿಂತ ಹಗುರವಾದ ಕಾರಿದು, ಆ ಹಗುರತನಕ್ಕೇ ನಾನು ಮರುಳಾಗಿದ್ದು. ಡಿಕ್ಕಿಯ ಬ್ಯಾಗಿನಲ್ಲಿ 12 ಕೆ.ಜಿ. ಇಟ್ಟರೆ ಗೊತ್ತೂ ಆಗುವುದಿಲ್ಲ. ಅದೇ 12 ಚಕ್ರದಲ್ಲಿದ್ದರೆ ಸ್ಪ್ರಿಂಗ್‌ನ ಕೆಳಗಿನ ಭಾರವಾಗುತ್ತದೆ, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಅದನ್ನು ಹಿಡಿದು ನಿಲ್ಲಿಸಲು ಹೆಣಗುತ್ತದೆ. ಸಾಲದ್ದಕ್ಕೆ ಆ ಲೋಹ ಅಂಚಿನಲ್ಲಿ, ಅಂದರೆ ತಿರುಗಿಸಲು ಹೆಚ್ಚು ಬಲ ಬೇಕಾದ ಜಾಗದಲ್ಲಿ. ಎರಡನೆಯ ಗೇರಿನಲ್ಲಿ ಪೆಡಲ್ ತುಳಿದರೆ ಕಾರು ಮೊದಲು ನಿಟ್ಟುಸಿರು ಬಿಟ್ಟು ಆಮೇಲೆ ಹೊರಡುತ್ತಿತ್ತು.

ಇಷ್ಟಾದಾಗ ಗೆಳೆಯನ ಫೋರ್ಜ್ಡ್ ಚಕ್ರ ಸಿಕ್ಕಿತು. ಅವನದೂ ಇದೇ ಕಾರು. ಫೋರ್ಜಿಂಗ್ ಎಂದರೆ ಅಲ್ಯೂಮಿನಿಯಂ ಮುದ್ದೆಯನ್ನು ಸಾವಿರಾರು ಟನ್ ಒತ್ತಡದಲ್ಲಿ ಅದುಮಿ, ಆಮೇಲೆ ಕೊರೆದು ರೂಪ ಕೊಡುವುದು. ಲೋಹ ದಟ್ಟವಾಗಿರುವುದರಿಂದ ಕಡಿಮೆ ಲೋಹದಲ್ಲೇ ಅಷ್ಟು ಗಟ್ಟಿ. ಹಗುರ ಚಕ್ರದ ಹುಚ್ಚಿನವರು ಮಾತು ಶುರು ಮಾಡುವುದೇ 1996ರಲ್ಲಿ ಬಂದ ಜಪಾನಿನ ಟಿಇ37ರಿಂದ. ಅದರ ಹೆಸರಿನ 37 ಎಂದರೆ 15 ಇಂಚಿನದರ ತೂಕ 3.7 ಕೆ.ಜಿ. ಎಂದು. ತೂಕವನ್ನೇ ಹೆಸರಿಟ್ಟುಕೊಂಡ ಚಕ್ರ! ಆ ವಾರ ಕಾರು ಕಾಲ್ಚೀಲ ಕಳಚಿ ಓಡಿದ ಹಾಗಿತ್ತು. ಏರುಪೇರಿನ ತಿರುವಿನಲ್ಲಿ ಒಳಬದಿಯ ಚಕ್ರ ನೆಲ ಬಿಡುತ್ತಲೇ ಇರಲಿಲ್ಲ.

ಆದರೆ ಒಂದು ಫೋರ್ಜ್ಡ್ ಚಕ್ರದ ದುಡ್ಡಿನಲ್ಲಿ ನನ್ನ ಹದಿನೆಂಟರ ಪೂರ್ತಿ ಸೆಟ್ಟೇ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ವಾರವಿಡೀ ನಾನು ಕಾರು ನಿಲ್ಲಿಸಿದ್ದು ಎಲ್ಲರಿಂದ ಒಂದು ಮೊಳ ದೂರ, ಕಲ್ಲಂಚು ಕಂಡರೆ ಇಳಿದು ಹೋಗಿ ನೋಡಿ. ಚಕ್ರ ನನ್ನದಾಗಿದ್ದರೂ ಹಾಗೇ ಮಾಡುತ್ತಿದ್ದೆ. ಅಂಗಡಿ, ಕಚೇರಿ, ಮಳೆ, ಇಕ್ಕಟ್ಟು ಎನ್ನದೆ ದಿನವೂ ಬಳಸುವ ಕಾರಿಗೆ ಆ ಪರಿಯ ಪೂಜೆ ನನ್ನಿಂದಾಗದು. ಟ್ರ್ಯಾಕಿಗೆ ಹೋಗುವವರ ಲೆಕ್ಕ ಬೇರೆ.

ಆದ್ದರಿಂದ ನಡುವಿನದ್ದು. ಫ್ಲೋ ಫಾರ್ಮ್ಡ್ ಚಕ್ರದ ಮುಖವನ್ನು ಎರಕ ಹೊಯ್ದೇ ಮಾಡುತ್ತಾರೆ. ಆಮೇಲೆ ಅದನ್ನು ಕಾಯಿಸಿ, ತಿರುಗಿಸುತ್ತಾ, ಟೈರ್ ಕೂರುವ ದಿಂಡನ್ನು ರೋಲರ್‌ಗಳಿಂದ ಒತ್ತಿ ಎಳೆಯುತ್ತಾರೆ. ಲೋಹ ಅಲ್ಲಿ ಬಿಗಿಗೊಂಡು ತೆಳುವಾಗುತ್ತದೆ. ಅಂದರೆ ತೂಕ ಇಳಿಯುವುದು ಅಂಚಿನಲ್ಲಿ, ಎಲ್ಲಿ ಇಳಿದರೆ ಹೆಚ್ಚು ಲಾಭವೋ ಅಲ್ಲೇ. ನನ್ನದು 17 ಇಂಚು, 7.5 ಅಗಲ, ಇಟಿ 45, ಟೈರ್ 215/40. ಹೊರಕ್ಕೆ 18 ಮಿ.ಮೀ. ಬಂದಿದೆ, ಒಳಕ್ಕೆ ಸಸ್ಪೆನ್ಶನ್ನಿನ ಸ್ಟ್ರಟ್ ಕಡೆ ಸುಮಾರು 8. ನಾಲ್ಕು ಜನ ಕೂತರೂ ಉಜ್ಜುವುದಿಲ್ಲ. ಟೈರ್ 20 ಮಿ.ಮೀ. ಅಗಲವಾಗಿಯೂ ಒಟ್ಟು ತೂಕ ಕಾರ್ಖಾನೆಯದ್ದಕ್ಕಿಂತ ಒಂದು ಕೆ.ಜಿ. ಕಡಿಮೆ. ಗೆಳೆಯನ ಫೋರ್ಜ್ಡ್‌ಗಿಂತ ಸುಮಾರು ಒಂದು ಕೆ.ಜಿ. ಹೆಚ್ಚು. ಕಣ್ಣು ಕಟ್ಟಿ ಪಕ್ಕದ ಸೀಟಿನಲ್ಲಿ ಕೂರಿಸಿದರೆ ಆ ಒಂದು ಕೆ.ಜಿ. ಎಲ್ಲಿದೆ ಎಂದು ನಾನು ಹೇಳಲಾರೆ. ಹದಿನೆಂಟರದ್ದನ್ನು ಮಾತ್ರ ನಿದ್ದೆಯಲ್ಲೂ ಹೇಳುತ್ತೇನೆ.

ಗಟ್ಟಿತನದ ವಿಷಯಕ್ಕೆ, ಚಕ್ರದ ಕಡ್ಡಿಯ (ಸ್ಪೋಕ್) ಬೆನ್ನಿನ ಅಚ್ಚು ಓದಿ: ಅಗಲ, ಇಟಿ, ಎಷ್ಟು ಭಾರ ಹೊರುತ್ತದೆ, ಜೆಡಬ್ಲ್ಯುಎಲ್, ವಿಐಎ. ಜೆಡಬ್ಲ್ಯುಎಲ್ ಎಂದರೆ ತಯಾರಕರು ತಾವೇ ಜಪಾನಿನ ಮಾನಕಕ್ಕೆ ಪರೀಕ್ಷಿಸಿದ್ದೇವೆ ಎನ್ನುವುದು, ವಿಐಎ ಎಂದರೆ ಹೊರಗಿನವರೂ ಪರೀಕ್ಷಿಸಿದ್ದಾರೆ ಎಂದು.

ತೊಳೆಯುವುದು: ಹದಿನೆಂಟರ ಹತ್ತು ಜೋಡಿ ಕಡ್ಡಿಗಳ ಸಂದು ತಿಕ್ಕುವುದು ಶಿಕ್ಷೆ. ಈಗಿನ ಹದಿನೇಳರ ಆರು ದಪ್ಪ ಕಡ್ಡಿಗೆ ಎರಡು ನಿಮಿಷ.

ನಟ್: ಸುಜುಕಿಯದ್ದು 12×1.25 (ವ್ಯಾಸ 12 ಮಿ.ಮೀ., ತಿರುಪಿನ ಎಳೆಗಳ ಅಂತರ 1.25). ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 1.5ರದ್ದನ್ನು ಬಲವಂತವಾಗಿ ತಿರುಪಿದರೆ ನಟ್ ಕೂರುವ ಸ್ಟಡ್ ಹೋದಂತೆಯೇ. ಬಿಗಿದ ಮೇಲೆ 50-100 ಕಿ.ಮೀ. ಓಡಿಸಿ ಇನ್ನೊಮ್ಮೆ ಟಾರ್ಕ್ ನೋಡಿ.

ಮೈಲೇಜ್: ನನ್ನ ಕಾಲಿನ ಭಾರದ ಮುಂದೆ ಚಕ್ರದ ಭಾರ ಲೆಕ್ಕಕ್ಕೆ ಬರಲಿಲ್ಲ.

ನೋಟ: ಇದನ್ನು ಒಪ್ಪಿಕೊಳ್ಳಲೇಬೇಕು, ಹದಿನೆಂಟೇ ಚೆಂದ. ಪಾರ್ಕಿಂಗಿನಲ್ಲಿ ಈಗಲೂ ಯಾರದೋ ಕಾರಿನಲ್ಲಿ ಕಂಡರೆ ತಿರುಗಿ ನೋಡುತ್ತೇನೆ. ಕಾರನ್ನು ಓಡಿಸುವುದಕ್ಕಿಂತ ನಿಲ್ಲಿಸಿ ನೋಡುವುದೇ ಹೆಚ್ಚು ಇಷ್ಟವಾದವರಿಗೆ, ಹಿಂದಿನ ಸೀಟು ಖಾಲಿ ಇರುವವರಿಗೆ, ಅದೇ ಸರಿ.

ನನ್ನ ಹದಿನೆಂಟು ಕಳೆದ ತಿಂಗಳು ಮಾರಾಟವಾದವು. ಕೊಂಡವನದು ಹೋಂಡಾ. ನಡುಕದ ಕಥೆ ಮುಚ್ಚಿಡದೆ ಹೇಳಿದೆ. ಹೋಂಡಾದ ನಟ್‌ನ ತಳ ಗುಂಡಗಿರುತ್ತದೆ, ಇದಕ್ಕೆ ಶಂಕುವಿನಾಕಾರದ್ದೇ ಬೇಕು, ಹಳೆಯದನ್ನು ಹಾಕಬೇಡ ಎಂದೂ ಹೇಳಿದೆ. ಹಳೆಯ ಪ್ಲಾಸ್ಟಿಕ್ ಉಂಗುರಗಳ ಪೊಟ್ಟಣ ಕೈಗಿಟ್ಟೆ. ಅವನು ಒಂದೊಂದನ್ನೂ ಬೆಳಕಿಗೆ ಹಿಡಿದು ಓದಿ, ನಾಲ್ಕನೆಯದನ್ನು ಜೇಬಿಗಿಳಿಸಿ, "ಇನ್ನು ಮೂರು ತಗೊಂಡರೆ ಸಾಕು" ಎಂದ.