ಆರು ವರ್ಷ ಜೇಬಿನಲ್ಲಿದ್ದ ಸ್ಪ್ರಿಂಗ್ ಚಾಕು: ತೆರೆಯೋದು ಸುಲಭ, ಮುಚ್ಚೋದನ್ನ ಕಲಿಯಬೇಕು

ಆರು ವರ್ಷದಿಂದ ನನ್ನ ಬಲಗಡೆ ಜೇಬಿನಲ್ಲಿ ಒಂದೇ ಚಾಕು ಇದೆ. ಮಡಚುವ ಚಾಕು, ಅಸಿಸ್ಟೆಡ್ ಓಪನಿಂಗ್ ಬಗೆಯದು. ಅಲಗನ್ನು ಬೆರಳಿನಿಂದ ಸ್ವಲ್ಪ ತಳ್ಳಿದರೆ ಸಾಕು, ಉಳಿದಿದ್ದನ್ನು ಒಳಗಿನ ಸ್ಪ್ರಿಂಗ್ ನೋಡಿಕೊಳ್ಳುತ್ತದೆ. ಮೂರು ಇಂಚಿನ ಅಲಗು, ಸ್ಟೀಲ್ ಹಿಡಿ, ಫ್ರೇಮ್ ಲಾಕ್ (ಹಿಡಿಯ ಒಂದು ಪಕ್ಕದ ಪಟ್ಟಿಯೇ ಒಳಗೆ ಸರಿದು, ತೆರೆದ ಅಲಗು ಮಡಚದಂತೆ ತಡೆಯುವ ಬೀಗ). ಗೋದಾಮಿನಲ್ಲಿ ಸರಕು ಇಳಿಸಿಕೊಳ್ಳುವ ಕೆಲಸ ನನ್ನದು. ರಟ್ಟಿನ ಡಬ್ಬ, ಟೇಪು, ಪ್ಲಾಸ್ಟಿಕ್ ಪಟ್ಟಿ, ಹಗ್ಗ ಅಂತ ದಿನಕ್ಕೆ ಇಪ್ಪತ್ತು ಮೂವತ್ತು ಸಲ ತೆರೆದು ಮುಚ್ಚುತ್ತೇನೆ.

ಇದನ್ನು ಬಟನ್ ಚಾಕು ಅಂತ ತುಂಬಾ ಜನ ತಿಳಿದಿದ್ದಾರೆ. ಅದಲ್ಲ. ಬಟನ್ ಚಾಕುವಿನಲ್ಲಿ ಗುಂಡಿ ಒತ್ತಿದ ತಕ್ಷಣ ಅಲಗು ತಾನಾಗಿಯೇ ಹೊರಗೆ ಬರುತ್ತದೆ. ಇದರಲ್ಲಿ ಮೊದಲ ತಳ್ಳು ನಮ್ಮದೇ. ಅಲಗಿನ ಬುಡದಲ್ಲಿ ಹಿಡಿಯಿಂದ ಹೊರಗೆ ಚಾಚಿಕೊಂಡ ಸಣ್ಣ ಕಿವಿಯಂಥ ಭಾಗ ಇದೆ, ಅದಕ್ಕೆ ಫ್ಲಿಪ್ಪರ್ ಅಂತಾರೆ. ತೋರುಬೆರಳಿನಲ್ಲಿ ಅದನ್ನು ಒತ್ತಿದಾಗ ಮೊದಲು ಸ್ವಲ್ಪ ಎದುರು ಬಲ ಸಿಗುತ್ತದೆ. ಆ ಹಂತ ದಾಟಿದ ಮೇಲೆ ಸ್ಪ್ರಿಂಗ್ ನಮ್ಮ ಕಡೆ ತಿರುಗಿ 'ಟಕ್' ಅಂತ ತೆರೆದು ಲಾಕ್ ಆಗುತ್ತದೆ. ಅಮೆರಿಕದಲ್ಲಿ ಬಟನ್ ಚಾಕುಗಳ ಮೇಲೆ 1958ರಿಂದ ಕೇಂದ್ರದ ಕಾನೂನು ಇದೆ. 2009ರಲ್ಲಿ ಅದಕ್ಕೆ ತಿದ್ದುಪಡಿ ತಂದು ಈ ಬಗೆಯ ಚಾಕುಗಳನ್ನು ಹೊರಗಿಟ್ಟರು. ಕಾರಣ ಇದೇ ಎದುರು ಬಲ, ಅಂದರೆ ಮುಚ್ಚಿಕೊಂಡೇ ಇರಲು ಒಲವು. ಎಲ್ಲ ದೇಶಗಳಲ್ಲೂ ಹೀಗಿಲ್ಲ, ಕೊಳ್ಳುವ ಮುಂಚೆ ನೀವಿರುವ ಕಡೆಯ ನಿಯಮ ನೋಡಿಕೊಳ್ಳಿ.

ತೆರೆಯುವ ಸುಲಭದ ಬಗ್ಗೆ ನನಗೆ ಒಂದೂ ದೂರಿಲ್ಲ. ಎಡಗೈಯಲ್ಲಿ ಡಬ್ಬ ಆನಿಸಿಕೊಂಡು ನಿಂತಾಗ ಬಲಗೈ ಒಂದರಲ್ಲೇ ಚಾಕು ತೆಗೆದು ತೆರೆಯುವುದು ಎಷ್ಟು ಅನುಕೂಲ ಅನ್ನೋದು ಈ ಕೆಲಸ ಮಾಡುವವರಿಗೆ ಗೊತ್ತು. ದಪ್ಪ ಕೈಗವಸು ಹಾಕಿಕೊಂಡರೂ ಫ್ಲಿಪ್ಪರ್ ಬೆರಳಿಗೆ ಸಿಗುತ್ತದೆ. ಅಲಗಿನ ಪಕ್ಕದಲ್ಲಿ ಗುಬುಟು ಇರುವ ಮಾದರಿಗಳನ್ನೂ ಬಳಸಿ ನೋಡಿದ್ದೇನೆ, ಗವಸು ಹಾಕಿದಾಗ ಹೆಬ್ಬೆರಳು ಅದರ ಮೇಲಿಂದ ಜಾರುತ್ತದೆ.

ಮುಚ್ಚುವಾಗ ಮಾತ್ರ ಬೇರೆ ಕಥೆ. ತೆರೆಯಲು ಸಹಾಯ ಮಾಡಿದ ಸ್ಪ್ರಿಂಗೇ ಈಗ ನಮ್ಮ ವಿರುದ್ಧ ನಿಲ್ಲುತ್ತದೆ. ಫ್ರೇಮ್ ಲಾಕ್ ಅನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿ ಅಲಗನ್ನು ಬಲವಾಗಿ ತಳ್ಳಬೇಕು. ಮುಕ್ಕಾಲು ದಾರಿ ಬಂದ ಮೇಲೆ ಸ್ಪ್ರಿಂಗ್ ಮತ್ತೆ ಪಕ್ಷ ಬದಲಿಸಿ ಅಲಗನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಎಳೆತ ಗೊತ್ತಿಲ್ಲದೆ ಮೊದಲ ವಾರ ಹೆಬ್ಬೆರಳಿನ ತುದಿ ಕುಯ್ದುಕೊಂಡೆ. ಈಗ ಲಾಕ್ ಸರಿಸಿ, ಅಲಗು ಸ್ವಲ್ಪ ಒಳಗೆ ಬಂದ ಕೂಡಲೇ ಹೆಬ್ಬೆರಳನ್ನು ದಾರಿಯಿಂದ ತೆಗೆಯುತ್ತೇನೆ. ಆಮೇಲೆ ಇನ್ನೊಂದು ಕೈಯಿಂದ ಅಲಗಿನ ಬೆನ್ನನ್ನು ಒತ್ತುತ್ತೇನೆ. ಒಂದೇ ಕೈಯಲ್ಲಿ ಮುಚ್ಚಲು ಬರುತ್ತದೆ, ಆದರೆ ಆತುರದಲ್ಲಿ ಬೇಡ. ಎಡಗೈಯವರಿಗೆ ಇನ್ನೂ ಕಷ್ಟ, ಯಾಕೆಂದರೆ ಈ ಲಾಕ್ ಬಲಗೈ ಹೆಬ್ಬೆರಳಿಗೆ ಅಂತಲೇ ಇರುತ್ತದೆ. ಜೊತೆಗೆ ಕೆಲಸ ಮಾಡುವ ಎಡಗೈ ಗೆಳೆಯನೊಬ್ಬ ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟ.

ಇನ್ನು ಬಾಳಿಕೆ. ಸ್ಪ್ರಿಂಗ್ ಎಷ್ಟು ದಿನ ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ನನ್ನದು ನಾಲ್ಕೂವರೆ ವರ್ಷ ಬಂತು. ಇದರಲ್ಲಿರುವುದು ಸುರುಳಿ ಸ್ಪ್ರಿಂಗ್ ಅಲ್ಲ, ಟಾರ್ಷನ್ ಬಾರ್. ಸಣ್ಣ ಮೊಳೆಯಷ್ಟು ದಪ್ಪದ, ಬಗ್ಗಿಸಿದ ಉಕ್ಕಿನ ತಂತಿ. ಒಂದು ತುದಿ ಹಿಡಿಯಲ್ಲಿ, ಇನ್ನೊಂದು ಅಲಗಿನ ತೂತಿನಲ್ಲಿ ಕೂತಿರುತ್ತದೆ. 1990ರ ದಶಕದ ಕೊನೆಯಲ್ಲಿ ಚಾಕು ವಿನ್ಯಾಸಕ ಕೆನ್ ಆನಿಯನ್ ಅವರ ಸ್ಪೀಡ್‌ಸೇಫ್ ಅನ್ನುವ ಅಸಿಸ್ಟೆಡ್ ಓಪನಿಂಗ್ ವಿನ್ಯಾಸವನ್ನು ಕರ್ಷಾ ಕಂಪನಿ ಮಾರುಕಟ್ಟೆಗೆ ತಂದಿತು, ಅದರ ಜೀವಾಳ ಇಂಥದ್ದೇ ತಂತಿ. ಪ್ರತಿ ಸಲ ತೆರೆದಾಗಲೂ ಮುಚ್ಚಿದಾಗಲೂ ತಂತಿ ತಿರುಚಿಕೊಳ್ಳುತ್ತದೆ. ಸೋತು ಸೋತು ಒಂದು ದಿನ ಬಾಗಿದ ಜಾಗದಲ್ಲಿ ತುಂಡಾಗುತ್ತದೆ.

ನನ್ನದು ತುಂಡಾದಾಗ 'ಟಿಕ್' ಅಂತ ಕಿವಿಗೆ ಬಿತ್ತು, ಅಷ್ಟೇ. ಅಲಗು ಅರ್ಧಕ್ಕೆ ನಿಂತಿತು. ರಾತ್ರಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಟಾರ್ಕ್ಸ್ (ನಕ್ಷತ್ರದಾಕಾರದ ತುದಿಯ) ಸ್ಕ್ರೂಡ್ರೈವರ್‌ನಲ್ಲಿ ಬಿಚ್ಚಿದೆ. ಒಳಗೆ ಎರಡು ತುಂಡು. ಮುರಿದ ಮುಖ ನುಣುಪಾಗಿರಲಿಲ್ಲ, ಒದ್ದೆ ಮರಳಿನ ಹಾಗೆ ಬೂದುಬಣ್ಣಕ್ಕೆ ತರಿತರಿಯಾಗಿತ್ತು. ಅದರ ಸುತ್ತ ಜೇಬಿನ ಜುಂಗು, ರಟ್ಟಿನ ಪುಡಿ, ಎಣ್ಣೆ ಎಲ್ಲ ಸೇರಿ ಕಪ್ಪಗೆ ಗಟ್ಟಿಯಾದ ಉಂಡೆ. ಅದನ್ನು ನೋಡಿ ನಿಜಕ್ಕೂ ಬೇಜಾರಾಯ್ತು. ಹೊರಗಿನಿಂದ ದಿನಾ ಒರೆಸುತ್ತಿದ್ದೆ, ಒಳಗೆ ಒಂದು ಸಲವೂ ನೋಡಿರಲಿಲ್ಲ.

ಚಾಕು ಮಾಡಿದವರಿಗೆ ಬರೆದೆ, ಹೊಸ ತಂತಿ ಅಂಚೆಯಲ್ಲಿ ಬಂತು. ಬರುವವರೆಗಿನ ಮೂರು ವಾರ ಸ್ಪ್ರಿಂಗ್ ಇಲ್ಲದೆಯೇ ಬಳಸಿದೆ. ಆಗಲೇ ನನಗೆ ಮುಖ್ಯ ವಿಷಯ ಅರ್ಥವಾಗಿದ್ದು. ಕೈಯಿಂದ ತೆರೆಯೋದು ಅಂಥ ಕಷ್ಟ ಆಗಲಿಲ್ಲ. ಆದರೆ ಚಾಕು ಮುಚ್ಚಿಕೊಂಡು ನಿಲ್ಲುತ್ತಿರಲಿಲ್ಲ! ಹಿಡಿ ತಲೆಕೆಳಗು ಮಾಡಿದರೆ ಅಲಗು ಸಡಿಲವಾಗಿ ಜೋತು ಬೀಳುತ್ತಿತ್ತು. ಇಂಥ ಲಾಕ್ ಇರುವ ಮಾಮೂಲಿ ಮಡಚುವ ಚಾಕುಗಳಲ್ಲಿ ಅಲಗನ್ನು ಒಳಗೆ ಹಿಡಿದಿಡಲು ಲಾಕ್‌ನಲ್ಲಿ ಸಣ್ಣ ಗುಂಡು ಇರುತ್ತದೆ. ನನ್ನ ಚಾಕುವಿನಲ್ಲಿ ಆ ಕೆಲಸವೂ ಸ್ಪ್ರಿಂಗಿನದ್ದೇ. ಹಾಗಾಗಿ ಸ್ಪ್ರಿಂಗ್ ಬಲ ಕಳೆದುಕೊಂಡರೆ ತೆರೆಯೋದು ನಿಧಾನ ಆಗೋದು ಚಿಕ್ಕ ವಿಷಯ. ಜೇಬಿನೊಳಗೆ ತಾನಾಗಿ ತೆರೆದುಕೊಳ್ಳೋದು ದೊಡ್ಡ ವಿಷಯ.

ಅದರ ರುಚಿ ಮೊದಲೇ ಒಮ್ಮೆ ಸಿಕ್ಕಿತ್ತು. ಎರಡನೇ ವರ್ಷ ಕುಕ್ಕರಗಾಲಲ್ಲಿ ಕೂತು ಎದ್ದಾಗ ಜೇಬಿನಲ್ಲಿದ್ದ ಬೀಗದಕೈ ಗೊಂಚಲು ಫ್ಲಿಪ್ಪರ್‌ಗೆ ತಗುಲಿ ಮೊನೆ ಸ್ವಲ್ಪ ಹೊರಗೆ ಬಂದಿತ್ತು. ಪ್ಯಾಂಟಿನ ಒಳಬಟ್ಟೆ ಹರಿಯಿತು, ಪುಣ್ಯಕ್ಕೆ ಕಾಲಿಗೆ ಏನೂ ಆಗಲಿಲ್ಲ. ಆಮೇಲಿಂದ ಚಾಕು ಇರುವ ಜೇಬಿನಲ್ಲಿ ಬೇರೇನೂ ಇಡುವುದಿಲ್ಲ. ಚಾಕುವಿನ ಕ್ಲಿಪ್ಪನ್ನು ಜೇಬಿನ ಅಂಚಿಗೆ ಸಿಕ್ಕಿಸುವಾಗ ಅಲಗಿನ ಬೆನ್ನು ಜೇಬಿನ ಹೊಲಿಗೆಗೆ ಒತ್ತಿಕೊಂಡಿರುವಂತೆ ಮೂಲೆಗೆ ಸರಿಸುತ್ತೇನೆ. ಹೀಗಿಟ್ಟರೆ ಅಲಗು ಹೊರಗೆ ಬರಲು ಜಾಗವೇ ಇರುವುದಿಲ್ಲ. ಮೊನೆ ತಡೆಯುವ ಸಣ್ಣ ಜಾರುಬೀಗವೂ ಇದರಲ್ಲಿದೆ. ಕೊಂಡಾಗ ಅದು ಸುಮ್ನೆ ಅಂದುಕೊಂಡಿದ್ದೆ, ಈಗ ಅದನ್ನು ಹಾಕದೆ ಜೇಬಿಗೆ ಇಳಿಸಲ್ಲ.

ಅಲಗು ಚೆನ್ನಾಗಿ ಬಾಳಿದೆ. 14ಸಿ28ಎನ್ ಅನ್ನುವ ಸ್ಟೀಲ್, ಸುಮಾರು ಶೇ. 14 ಕ್ರೋಮಿಯಂ ಇರುವಂಥದ್ದು. ಬೆವರಿದ ಜೇಬಿನಲ್ಲಿದ್ದರೂ ಆರು ವರ್ಷದಲ್ಲಿ ತುಕ್ಕಿನ ಚುಕ್ಕೆ ಕಂಡಿಲ್ಲ. ರಟ್ಟು ಕುಯ್ದರೆ ಯಾವ ಅಲಗಾದರೂ ಬೇಗ ಮೊಂಡಾಗುತ್ತದೆ, ಇದೂ ಅಷ್ಟೇ. ಆದರೆ ಸಾಣೆ ಹಿಡಿಯೋದು ಸಲೀಸು: ಎರಡು ವಾರಕ್ಕೊಮ್ಮೆ ಸಾವಿರ ಗ್ರಿಟ್ ಕಲ್ಲಿನ ಮೇಲೆ ಹತ್ತು ನಿಮಿಷ, ಆಮೇಲೆ ಚರ್ಮದ ಪಟ್ಟಿಯ ಮೇಲೆ ನಾಲ್ಕು ಎಳೆತ. ಡಬ್ಬಿಯ ಮುಚ್ಚಳ ಮೀಟಲು ಹೋಗಿ ಒಮ್ಮೆ ಮೊನೆ ಮುರಿದುಕೊಂಡೆ. ಹಾಗಾದರೆ ಬೆನ್ನಿನ ಕಡೆಯಿಂದ ತೇಯ್ದು ಹೊಸ ಮೊನೆ ಮಾಡಿ. ಬಾಯಿಯ ಕಡೆಯಿಂದ ತೇಯ್ದರೆ, ಮುಚ್ಚಿದಾಗ ಮೊನೆ ಹಿಡಿಯಿಂದ ಹೊರಗೆ ಇಣುಕಬಹುದು.

ಲಾಕ್ ಹೊಸದರಲ್ಲಿ ಕೂರುತ್ತಿದ್ದ ಜಾಗಕ್ಕಿಂತ ಸ್ವಲ್ಪ ಒಳಗೆ ಸರಿದಿದೆ, ಹಿಡಿತ ಗಟ್ಟಿಯಾಗಿಯೇ ಇದೆ. ಕೀಲಿನ ಸ್ಕ್ರೂ ಮಾತ್ರ ಆಗಾಗ ಸಡಿಲ ಆಗುತ್ತಿತ್ತು. ಬಿಗಿ ಜಾಸ್ತಿಯಾದರೆ ಅಲಗು ಪೂರ್ತಿ ತೆರೆದು ಲಾಕ್ ಆಗಲ್ಲ, ಕಮ್ಮಿಯಾದರೆ ಅಲಗು ಅಕ್ಕಪಕ್ಕ ಆಡುತ್ತದೆ. ಹದ ಸಿಕ್ಕ ಮೇಲೆ ಸ್ಕ್ರೂ ಎಳೆಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿದೆ, ಆಮೇಲೆ ಅಲುಗಿಲ್ಲ. ಕೆಂಪು ಬಣ್ಣದ್ದು ಬೇಡ, ಮತ್ತೆ ಬಿಚ್ಚೋದು ಕಷ್ಟ. ತಿಂಗಳಿಗೊಮ್ಮೆ ಹಳೆ ಟೂತ್‌ಬ್ರಷ್‌ನಿಂದ ಜುಂಗು ತೆಗೆದು ಕೀಲಿಗೆ ಒಂದೇ ಹನಿ ಎಣ್ಣೆ ಬಿಡುತ್ತೇನೆ. ಹೆಚ್ಚು ಬಿಟ್ಟರೆ ಅದೇ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ದಿನವಿಡೀ ಒಂದು ಕೈ ತುಂಬಿರುವ ಕೆಲಸ ನಿಮ್ಮದಾದರೆ ಧೈರ್ಯವಾಗಿ ತಗೊಳ್ಳಿ, ನಾನೂ ಮತ್ತೆ ಇದನ್ನೇ ಕೊಳ್ಳುತ್ತೇನೆ. ವಾರಕ್ಕೆ ಎರಡು ಪಾರ್ಸೆಲ್ ಬಿಚ್ಚೋಕೆ ಅಂತಾದರೆ ಸ್ಪ್ರಿಂಗ್ ಇಲ್ಲದ ಮಡಚುವ ಚಾಕು ಸಾಕು, ಮುಚ್ಚುವುದೂ ಸುಲಭ. ಮಕ್ಕಳಿರುವ ಮನೆಯಲ್ಲಿ ಇದನ್ನು ಕೈಗೆ ಸಿಗುವ ಕಡೆ ಇಡಲೇಬೇಡಿ. ಸ್ವಲ್ಪ ತಳ್ಳಿದರೆ ತೆರೆಯುತ್ತೆ ಅನ್ನೋದು ಮಗುವಿನ ಬೆರಳಿಗೂ ಅಷ್ಟೇ ನಿಜ.

ಹೊಸ ತಂತಿ ಹಾಕಿ ಒಂದೂವರೆ ವರ್ಷ ಆಯ್ತು. ಆಗ ಎರಡು ಕಳಿಸಿ ಅಂತ ಕೇಳಿದ್ದೆ, ಕಳಿಸಿದ್ದರು. ಎರಡನೆಯದು ಸಣ್ಣ ಡಬ್ಬಿಯಲ್ಲಿ, ಸ್ಕ್ರೂಡ್ರೈವರ್ ಪಕ್ಕದಲ್ಲೇ ಇದೆ.